ತಕ್ಕ ಸಂಬಳ ಕೇಳುವುದು ತೃಷ್ಣೆಯೇ?





ದುಃಖದ ಮೂಲ ತೃಷ್ಣೆ ಎಂದು ಭಗವಾನ್ ಬುದ್ಧರು ಹೇಳಿದರು. ಹಾಗಾದರೆ "ನನ್ನ ಕೆಲಸಕ್ಕೆ ತಕ್ಕ ಸಂಬಳ ಕೊಡಿ" ಎಂದು ಕೇಳುವುದೂ ತೃಷ್ಣೆಯೇ? ಇದ್ದುದರಲ್ಲಿ ತೃಪ್ತಿಯಿಂದ ಇರಬೇಕು ಎನ್ನುವುದಾದರೆ, ಕೂಲಿ ಹೆಚ್ಚಿಸಿ ಎಂದು ಬಾಯಿ ಬಿಟ್ಟವನು ಧಮ್ಮದ ದಾರಿ ತಪ್ಪಿದನೇ? ದುಡಿದು ತಿನ್ನುವ ನಮ್ಮಲ್ಲಿ ಬಹಳ ಜನರನ್ನು ಈ ಪ್ರಶ್ನೆ ಕಾಡುತ್ತದೆ. ಇಂದು ಇದನ್ನು ಒಬ್ಬ ಫುಟ್‌ಬಾಲ್ ಆಟಗಾರನ ಬದುಕಿನ ಮೂಲಕ ನೋಡೋಣ. ಆಟದ ಪರಿಚಯ ಇಲ್ಲದವರೂ ಓದಬಹುದು.

ಆಟಗಾರನ ಹೆಸರು ಕ್ಲೋಡ್ ಮಕೆಲೆಲೆ. ಹುಟ್ಟಿದ್ದು 1973ರಲ್ಲಿ, ಆಫ್ರಿಕಾದ ಕಿನ್ಶಾಸಾ ನಗರದಲ್ಲಿ. ಚಿಕ್ಕವರಿದ್ದಾಗಲೇ ಕುಟುಂಬ ಫ್ರಾನ್ಸ್‌ಗೆ ಹೋಗಿ ಪ್ಯಾರಿಸ್ ಹೊರವಲಯದಲ್ಲಿ ನೆಲೆಸಿತು. ನಾಂತ್ ತಂಡದಲ್ಲಿ ಅವರು ಬಲಗಡೆ ಓಡುವ ಆಟಗಾರರಾಗಿದ್ದರು. 1995ರಲ್ಲಿ ಆ ತಂಡ ಫ್ರೆಂಚ್ ಲೀಗ್ ಗೆದ್ದಿತು. ಬಳಿಕ ಮಾರ್ಸೆಲ್, ಸ್ಪೇನ್‌ನ ಸೆಲ್ಟಾ ವಿಗೊ. 2000ದಲ್ಲಿ ಜಗತ್ತಿನ ಅತಿ ಪ್ರಸಿದ್ಧ ತಂಡಗಳಲ್ಲಿ ಒಂದಾದ ರಿಯಲ್ ಮ್ಯಾಡ್ರಿಡ್ ಅವರನ್ನು ಕೊಂಡುಕೊಂಡಿತು.

ಮ್ಯಾಡ್ರಿಡ್‌ನಲ್ಲಿ ಅವರ ಜಾಗ ಮೈದಾನದ ನಡುವೆ, ತಮ್ಮ ರಕ್ಷಣಾ ಸಾಲಿನ ಸ್ವಲ್ಪ ಮುಂದೆ. ಎದುರಾಳಿ ನುಗ್ಗಿ ಬರುವ ದಾರಿಯಲ್ಲಿ ಮೊದಲೇ ಹೋಗಿ ನಿಲ್ಲುವುದು, ಚೆಂಡನ್ನು ಕಸಿದುಕೊಳ್ಳುವುದು, ಹತ್ತಿರದ ಜೊತೆಗಾರನಿಗೆ ದಾಟಿಸುವುದು, ಮತ್ತೆ ತನ್ನ ಜಾಗಕ್ಕೆ ಮರಳುವುದು. ಇಷ್ಟೇ ಕೆಲಸ. ಆದರೆ ತೊಂಬತ್ತು ನಿಮಿಷವೂ ಇದೇ. ಈ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಎದುರಾಳಿಯ ದಾಳಿ ಹುಟ್ಟುವ ಮೊದಲೇ ಸತ್ತಿರುತ್ತದೆ. ಏನೂ ಆಗದ್ದನ್ನು ಟಿವಿ ಮತ್ತೆ ಮತ್ತೆ ತೋರಿಸುವುದಿಲ್ಲ. ಫ್ರಾನ್ಸ್ ದೇಶಕ್ಕಾಗಿ ಮಕೆಲೆಲೆ 71 ಪಂದ್ಯ ಆಡಿದರು, 2006ರ ವಿಶ್ವಕಪ್ ಫೈನಲ್ ಕೂಡ ಆಡಿದರು. ಹೊಡೆದ ಗೋಲು ಒಂದೂ ಇಲ್ಲ.

ಮ್ಯಾಡ್ರಿಡ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಜ್ ಆಗ ವರ್ಷಕ್ಕೊಬ್ಬ ತಾರೆಯನ್ನು ಭಾರಿ ಬೆಲೆಗೆ ತರುತ್ತಿದ್ದರು. 2000ದಲ್ಲಿ ಫಿಗೊ, 2001ರಲ್ಲಿ ಜಿದಾನ್, 2002ರಲ್ಲಿ ಬ್ರೆಜಿಲ್‌ನ ರೊನಾಲ್ಡೊ. ಅವರೆಲ್ಲ ಮುಂದೆ ಓಡುವಾಗ ಹಿಂದೆ ಉಳಿಯುವ ಬಯಲನ್ನು ಕಾಯುತ್ತಿದ್ದವರು ಮಕೆಲೆಲೆ. 2002ರಲ್ಲಿ ಗ್ಲಾಸ್ಗೊದಲ್ಲಿ ಮ್ಯಾಡ್ರಿಡ್ ತಂಡ ಚಾಂಪಿಯನ್ಸ್ ಲೀಗ್ ಗೆದ್ದಿತು. ಅಲ್ಲಿ ಜಿದಾನ್ ಗಾಳಿಯಲ್ಲಿದ್ದ ಚೆಂಡನ್ನು ಎಡಗಾಲಿನಲ್ಲಿ ಹೊಡೆದ ಗೋಲನ್ನು ಜಗತ್ತು ಇಂದಿಗೂ ನೋಡುತ್ತದೆ. ಅದೇ ಪಂದ್ಯದಲ್ಲಿ ಮಕೆಲೆಲೆಯೂ ಆಡಿದ್ದರು.

2003ರ ಬೇಸಿಗೆಯಲ್ಲಿ ಮ್ಯಾಡ್ರಿಡ್ ಸ್ಪೇನ್ ಲೀಗ್ ಗೆದ್ದು, ಡೇವಿಡ್ ಬೆಕ್‌ಹ್ಯಾಮ್‌ರನ್ನು ಕೊಂಡುಕೊಂಡಿತು. ಮಕೆಲೆಲೆಯ ಸಂಬಳ ತಾರೆಯರ ಸಂಬಳದ ಸಣ್ಣದೊಂದು ಪಾಲು. ಅವರು ಹೆಚ್ಚಳ ಕೇಳಿದರು. ಆಡಳಿತ ನಿರಾಕರಿಸಿತು. ಅವರು ತಂಡ ಬಿಡುತ್ತೇನೆ ಎಂದರು, ಸುಮಾರು 1.7 ಕೋಟಿ ಪೌಂಡ್‌ಗೆ ಲಂಡನ್ನಿನ ಚೆಲ್ಸಿ ತಂಡ ಅವರನ್ನು ಕರೆದುಕೊಂಡಿತು. ಅವರು ಹೋದ ಮೇಲೆ ಪೆರೆಜ್ ಆಡಿದ ಮಾತುಗಳು ಪತ್ರಿಕೆಗಳಲ್ಲಿ ಬಂದವು: ಅವರ ಕೌಶಲ ಸಾಧಾರಣ, ಅವರ ಪಾಸುಗಳು ಹೆಚ್ಚಾಗಿ ಹಿಂದಕ್ಕೋ ಪಕ್ಕಕ್ಕೋ ಹೋಗುತ್ತಿದ್ದವು, ಎಳೆಯ ಆಟಗಾರರು ಬಂದು ಅವರನ್ನು ಮರೆಸುತ್ತಾರೆ ಎಂಬ ಅರ್ಥದ ಮಾತುಗಳು.

ಮುಂದಿನ ವರ್ಷ ಮ್ಯಾಡ್ರಿಡ್ ಲೀಗ್‌ನ ಕೊನೆಯ ಐದು ಪಂದ್ಯಗಳನ್ನೂ ಸೋತು ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಅತ್ತ ಚೆಲ್ಸಿ 2005ರಲ್ಲಿ ಐವತ್ತು ವರ್ಷಗಳ ನಂತರ ಇಂಗ್ಲೆಂಡ್ ಲೀಗ್ ಗೆದ್ದಿತು; 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳು 15 ಮಾತ್ರ. ಅವರು ನಿಂತ ಜಾಗಕ್ಕೆ ಇಂಗ್ಲೆಂಡಿನವರು ‘ಮಕೆಲೆಲೆ ಪಾತ್ರ’ ಎಂದೇ ಹೆಸರಿಟ್ಟರು.

ಇಲ್ಲಿಗೆ ಕಥೆ ನಿಲ್ಲಿಸಿದರೆ "ನೋಡಿ, ಅವರಿಲ್ಲದೆ ತಂಡ ಮುಳುಗಿತು, ಆದ್ದರಿಂದ ಅವರು ಕೇಳಿದ್ದು ಸರಿ" ಎಂದು ಹೇಳಿ ಮುಗಿಸಬಹುದು. ಆದರೆ ಬಂಧುಗಳೇ, ಈ ತರ್ಕವನ್ನು ನಾವು ಒಪ್ಪಬಾರದು. ಮ್ಯಾಡ್ರಿಡ್ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಅದೇ ಬೇಸಿಗೆಯಲ್ಲಿ ಕೋಚ್ ಡೆಲ್ ಬಾಸ್ಕೆಯನ್ನೂ ಕಳಿಸಿದ್ದರು, ನಾಯಕ ಹಿಯೆರೊ ಕೂಡ ಹೋಗಿದ್ದರು. ಯಾವುದೂ ಒಂದೇ ಕಾರಣದಿಂದ ಹುಟ್ಟುವುದಿಲ್ಲ ಎಂಬುದು ಪಟಿಚ್ಚ ಸಮುಪ್ಪಾದ ಓದಿದ ನಮಗೆ ಗೊತ್ತು. ಒಂದು ವೇಳೆ ಮ್ಯಾಡ್ರಿಡ್ ಮುಂದಿನ ವರ್ಷವೂ ಎಲ್ಲ ಕಪ್ ಗೆದ್ದಿದ್ದರೆ? ಆಗಲೂ ಅವರು ಕೇಳಿದ್ದು ನ್ಯಾಯವೇ ಆಗಿರುತ್ತಿತ್ತು. ಮಾಡಿದ ಕೆಲಸಕ್ಕೆ ತಕ್ಕ ಫಲ ಕೊಡಬೇಕಾದದ್ದು ಆ ಕೆಲಸ ನಡೆದಿದೆ ಎಂಬ ಕಾರಣಕ್ಕೆ. ದುಡಿದವನು ಹೋದ ಮೇಲೆ ಮನೆ ಬಿದ್ದರೆ ಮಾತ್ರ ಅವನ ಬೆಲೆ ಒಪ್ಪುತ್ತೇವೆ ಎನ್ನುವುದು ನ್ಯಾಯವಲ್ಲ. ಒಬ್ಬ ಪೌರಕಾರ್ಮಿಕ ಮುಷ್ಕರ ಹೂಡಿ ಊರು ನಾರಿದಾಗಲೇ ಅವನ ನೆನಪಾಗುವುದಾದರೆ, ತಪ್ಪು ಮರೆತವರದು.

ಇನ್ನೊಂದು ಆಕ್ಷೇಪ ಬರಬಹುದು. ಲಕ್ಷಗಟ್ಟಲೆ ಪೌಂಡ್ ಎಣಿಸುವ ಆಟಗಾರನನ್ನು ದಿನಗೂಲಿಯವರ ಜೊತೆ ಹೋಲಿಸುವುದು ಸರಿಯೇ? ಹಸಿವಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ, ಒಪ್ಪೋಣ. ಆದರೆ ಅವರಿಗೆ ಕೊಟ್ಟ ಉತ್ತರವನ್ನು ಗಮನಿಸಿ. ನಿನ್ನ ಕೆಲಸ ಕೌಶಲದ್ದಲ್ಲ, ಯಾರು ಬೇಕಾದರೂ ಮಾಡಬಹುದು, ನೀನು ಹೋದರೆ ಇನ್ನೊಬ್ಬ ಬರುತ್ತಾನೆ. ಈ ಮೂರು ಮಾತುಗಳನ್ನು ನಮ್ಮ ಹಿರಿಯರು ಎಷ್ಟು ತಲೆಮಾರು ಕೇಳಿದ್ದಾರೆ! ಅಷ್ಟು ಎತ್ತರದಲ್ಲಿದ್ದವನಿಗೂ ಇದೇ ಉತ್ತರ ಸಿಕ್ಕಿತು ಎಂದರೆ, ಕಾಣದ ದುಡಿಮೆಯನ್ನು ಕೀಳಾಗಿ ಕಾಣುವ ರೋಗ ಎಷ್ಟು ಆಳದ್ದು ಎಂದು ತಿಳಿಯುತ್ತದೆ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಒಂದು ವ್ಯತ್ಯಾಸವನ್ನು ಎತ್ತಿ ತೋರಿಸಿದರು. ಕೆಲಸವನ್ನು ಹಂಚಿಕೊಳ್ಳುವುದು ಬೇರೆ. ಕೆಲಸಗಾರರನ್ನೇ ಮೇಲು ಕೀಳೆಂದು ಒಡೆಯುವುದು ಬೇರೆ. ಫುಟ್‌ಬಾಲ್ ತಂಡದಲ್ಲಿ ಕೆಲಸದ ಹಂಚಿಕೆ ಬೇಕೇ ಬೇಕು. ಹನ್ನೊಂದು ಜನರೂ ಗೋಲು ಹೊಡೆಯಲು ಓಡಿದರೆ ಆಟವೇ ಇಲ್ಲ. ಮಕೆಲೆಲೆ ಹಂಚಿಕೆಗೆ ತಕರಾರು ಮಾಡಲಿಲ್ಲ. "ನನ್ನನ್ನೂ ಮುಂದೆ ಆಡಿಸಿ, ನನ್ನನ್ನೂ ತಾರೆ ಮಾಡಿ" ಎನ್ನಲಿಲ್ಲ. ಚೆಲ್ಸಿಗೆ ಹೋದ ಮೇಲೂ ಅದೇ ಜಾಗದಲ್ಲಿ ನಿಂತು ಅದೇ ಕೆಲಸ ಮಾಡಿದರು. ಅವರು ಒಪ್ಪದೇ ಹೋದದ್ದು ಆ ಕೆಲಸ ಮಾಡುವವನು ಕಡಿಮೆಯವನು ಎಂಬ ಎಣಿಕೆಯನ್ನು.

ಈಗ ಮೊದಲ ಪ್ರಶ್ನೆಗೆ ಬರೋಣ. ಇದು ತೃಷ್ಣೆಯೇ?

ಭಗವಾನರು ಗೃಹಸ್ಥ ಅನಾಥಪಿಂಡಿಕನಿಗೆ ನಾಲ್ಕು ಸುಖಗಳನ್ನು ಹೇಳಿದ್ದಾರೆ. ತನ್ನ ತೋಳಿನ ಬಲದಿಂದ, ಬೆವರಿನಿಂದ, ಧಮ್ಮಮಾರ್ಗದಲ್ಲಿ ಗಳಿಸಿದ್ದು ತನಗಿದೆ ಎಂಬ ಸುಖ; ಅದನ್ನು ಅನುಭವಿಸುವ ಸುಖ; ಸಾಲವಿಲ್ಲದ ಸುಖ; ದೋಷವಿಲ್ಲದ ಬದುಕಿನ ಸುಖ. ಸಿಗಾಲೋವಾದ ಸುತ್ತದಲ್ಲಿ ಒಡೆಯನ ಕರ್ತವ್ಯಗಳನ್ನೂ ಎಣಿಸಿ ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಲ್ಲಿ ನೋಡಿಕೊಳ್ಳಬೇಕು, ವಿಶೇಷ ತಿನಿಸು ಬಂದರೆ ಹಂಚಿಕೊಳ್ಳಬೇಕು, ಸಮಯಕ್ಕೆ ಬಿಡುವು ಕೊಡಬೇಕು. ಕೂಲಿ ಕೊಡುವುದು ಒಡೆಯನ ಧಮ್ಮವಾದರೆ, ಅದನ್ನು ಕೇಳುವುದು ದುಡಿದವನ ಅಧಮ್ಮ ಹೇಗಾದೀತು? ಕೊಡಬೇಕಾದವನು ಮರೆತಾಗ ನೆನಪಿಸುವುದು ಅದು.

ಹಾಗಿದ್ದರೂ ತೃಷ್ಣೆ ನುಸುಳುವ ದಾರಿ ಇದ್ದೇ ಇರುತ್ತದೆ. ಕೇಳುವ ಮುನ್ನ ಮೂರು ವಿಷಯ ನಮ್ಮನ್ನು ನಾವೇ ವಿಚಾರಿಸಿಕೊಳ್ಳಬಹುದು. ನಾನು ಕೇಳುತ್ತಿರುವುದು ಮಾಡಿದ ಕೆಲಸಕ್ಕೋ, ಇಲ್ಲದ ಹಿರಿಮೆಗೋ? ನನಗೆ ಸಿಗುವುದು ನನಗಿಂತ ಬಡವನ ತಟ್ಟೆಯಿಂದ ಬರುತ್ತಿದೆಯೋ? ಸಿಗದೇ ಹೋದರೆ ನನ್ನ ಮನಸ್ಸಿನಲ್ಲಿ ದ್ವೇಷ ಬೆಳೆಯುತ್ತದೋ, ಅಥವಾ ಶಾಂತವಾಗಿ ಬೇರೆ ದಾರಿ ಹಿಡಿಯಬಲ್ಲೆನೋ? ಈ ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವರು ತಲೆ ಎತ್ತಿ ಕೇಳಬಹುದು. ಫಲ ಕೇಳದೆ ದುಡಿ, ಅದೇ ನಿನ್ನ ಧರ್ಮ ಎಂಬ ಉಪದೇಶ ಈ ನೆಲದಲ್ಲಿ ಯಾರ ಬಾಯಿಂದ ಯಾರ ಕಿವಿಗೆ ಹೋಯಿತು ಎಂಬುದನ್ನು ನಾವು ಮರೆಯಲಾಗದು. ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಬಾಬಾಸಾಹೇಬರು 1946ರಲ್ಲಿ ಕನಿಷ್ಠ ವೇತನ ಮಸೂದೆ ತಂದರು. 1948ರಲ್ಲಿ ಅದು ಕಾಯ್ದೆಯಾಯಿತು. ತೃಪ್ತಿಯನ್ನು ಬೋಧಿಸುವ ಮೊದಲು ಅವರು ತಟ್ಟೆಯಲ್ಲಿ ಅನ್ನ ಇದೆಯೇ ಎಂದು ನೋಡಿದರು.

ಮಕೆಲೆಲೆ ಬದುಕಿನಲ್ಲಿ ಇನ್ನೊಂದು ಘಟನೆ ಇದೆ. 2005ರ ಮೇ 7ರಂದು ಚೆಲ್ಸಿ ಆಗಲೇ ಲೀಗ್ ಗೆದ್ದಿತ್ತು. ತನ್ನ ಮೈದಾನದಲ್ಲಿ ಚಾರ್ಲ್ಟನ್ ವಿರುದ್ಧದ ಪಂದ್ಯದ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಜೊತೆಗಾರರು ಅದನ್ನು ಮಕೆಲೆಲೆಗೆ ಬಿಟ್ಟುಕೊಟ್ಟರು. ಅವರು ಹೊಡೆದ ಚೆಂಡನ್ನು ಗೋಲ್‌ಕೀಪರ್ ತಡೆದ. ತಿರುಗಿ ಬಂದ ಚೆಂಡನ್ನು ಅವರು ಹೇಗೋ ಒಳಗೆ ತಳ್ಳಿದರು. ಚೆಲ್ಸಿಗಾಗಿ ಅದು ಅವರ ಮೊದಲ ಗೋಲು. ಇಡೀ ತಂಡ ಓಡಿ ಬಂದು ತಬ್ಬಿಕೊಂಡಿತು. ಅವರ ದುಡಿಮೆಯನ್ನು ಪಕ್ಕದಲ್ಲೇ ನಿಂತು ಕಂಡವರು ಅವರು.

ಇಲ್ಲಿ ನಮಗೂ ಒಂದು ಪಾಠವಿದೆ. ಇಲ್ಲಿಯವರೆಗೆ ನಮ್ಮನ್ನು ಮಕೆಲೆಲೆಯ ಜಾಗದಲ್ಲಿ ಇಟ್ಟು ಓದಿದೆವು. ಪೆರೆಜ್ ಜಾಗದಲ್ಲೂ ನಾವು ಇರುತ್ತೇವೆ. ಬುದ್ಧ ಪೂರ್ಣಿಮೆಯ ಕರಪತ್ರದಲ್ಲಿ ಭಾಷಣಕಾರರ ಹೆಸರು ದೊಡ್ಡದಾಗಿ ಬರುತ್ತದೆ. ಕುರ್ಚಿ ಹಾಕಿದವರು, ಐನೂರು ಜನರಿಗೆ ಅಡುಗೆ ಬೇಯಿಸಿದವರು, ರಾತ್ರಿ ಪಾತ್ರೆ ತೊಳೆದವರು ಯಾರು? ಮನೆಯಲ್ಲಿ ಓದಿನ ಮೇಜಿಗೆ ಚಹಾ ತಂದಿಟ್ಟು ಹೋಗುವ ಕೈ ಯಾರದು? ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನಿಗೆ ಸಂಬಳ ಹೆಚ್ಚಿಸಿ ಎಷ್ಟು ವರ್ಷವಾಯಿತು? ಆಕೆ ಕೇಳಲಿ ಎಂದು ಕಾಯುತ್ತಿದ್ದೇವೆಯೇ? ಕೇಳಿದಾಗ "ಬೇರೆಯವರು ಸಿಗುತ್ತಾರೆ" ಎಂದೆವೇ?

ಇಂದಿನ ಅಭ್ಯಾಸ: ನಿಮ್ಮ ಇಂದಿನ ದಿನ ಯಾರ ಕಾಣದ ದುಡಿಮೆಯ ಮೇಲೆ ನಿಂತಿದೆಯೋ ಅಂಥ ಒಬ್ಬರನ್ನು ನೆನೆಯಿರಿ. ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಲೆಕ್ಕ ಹಾಕಿ. ಸಂದಿಲ್ಲದಿದ್ದರೆ ಅವರು ಕೇಳುವ ಮೊದಲೇ ಕೊಡಿ. ನಿಮಗೇ ಸಲ್ಲಬೇಕಾದದ್ದು ಬಾಕಿ ಇದ್ದರೆ, ಮೈತ್ರಿಯಿಂದ, ಅಳುಕಿಲ್ಲದೆ ಕೇಳಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.