ಹೊರಗೆ ಎಂದರೆ ಎಲ್ಲಿ?

ಒಂದು ಉಪ್ಪಿನಕಾಯಿ ಬಾಟಲಿಯಿಂದಲೇ ಈ ಮಾತನ್ನು ಶುರು ಮಾಡಬೇಕು. 2018ರ ಮಳೆಗಾಲ. ತವರಿನಿಂದ ತಂದ ಅಪ್ಪೆಮಿಡಿಯ ಬಾಟಲಿ ಕೈಜಾರಿ ಅಡುಗೆಮನೆಯ ನೆಲಕ್ಕೆ ಬಿದ್ದು ಚೂರುಚೂರಾಯಿತು. ಮಿಡಿ ಹೋದ ಸಂಕಟ ಒಂದು ಕಡೆ, ಮಗನಿಗೆ ಸ್ಕೂಲಿಗೆ ಹೊತ್ತಾಯಿತೆನ್ನುವ ಗಡಿಬಿಡಿ ಇನ್ನೊಂದು ಕಡೆ. ಗಾಜು, ರಸ, ಮಿಡಿ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಬಳಿದು, ತರಕಾರಿ ಸಿಪ್ಪೆ, ಟೀ ಚರಟ ತುಂಬಿದ್ದ ಪ್ಲಾಸ್ಟಿಕ್ ಕವರಿಗೇ ಸುರಿದು, ಬಾಯಿ ಬಿಗಿದು ಗೇಟಿನ ಹೊರಗಿಟ್ಟೆ. ಕೈ ತೊಳೆದುಕೊಂಡೆ. ನನ್ನ ಮಟ್ಟಿಗೆ ಆ ಬಾಟಲಿಯ ಕಥೆ ಅಲ್ಲಿಗೆ ಮುಗಿದಿತ್ತು.

ಮಾರನೆಯ ದಿನ ಕಸದ ಗಾಡಿಯ ಜೊತೆ ಬರುವ ಹೆಂಗಸಿನ ಬಲಗೈಗೆ ಸೀರೆಯ ಚಿಂದಿ ಸುತ್ತಿತ್ತು. "ಏನಾಯ್ತೇ?" ಎಂದೆ. "ಯಾರೋ ಕವರಲ್ಲಿ ಗಾಜು ಹಾಕಿದ್ರು ಅಮ್ಮಾ. ಮೂರು ಹೊಲಿಗೆ ಬಿತ್ತು" ಎಂದಳು. ನನ್ನ ಎದೆ ಧಸಕ್ಕೆಂದಿತು. ಆದರೆ ನನ್ನ ಬಾಯಿ ಏನು ಹೇಳಿತು ಗೊತ್ತೆ? "ಅಯ್ಯೋ, ಈ ಜನಕ್ಕೆ ಬುದ್ಧಿಯೇ ಇಲ್ಲ!" ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ಇನ್ನೂರು ರೂಪಾಯಿಯನ್ನೂ ಕೊಟ್ಟೆ. "ನಿಮ್ಮ ಮಕ್ಕಳು ಚೆನ್ನಾಗಿರ್ಲಿ ಅಮ್ಮಾ" ಎಂದು ಹರಸಿ ಆಕೆ ಗಾಡಿಯ ಹಿಂದೆ ಹೋದಳು. ಶಾಪ ಹಾಕಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಆ ರಾತ್ರಿ ನಿದ್ದೆ ಬರಲಿಲ್ಲ. ಆರು ವರ್ಷದಿಂದ ನಮ್ಮ ಗೇಟಿಗೆ ಬರುತ್ತಿದ್ದ ಆಕೆಯ ಹೆಸರು ನನಗೆ ಗೊತ್ತಿಲ್ಲ ಎನ್ನುವುದು ಹೊಳೆದದ್ದೂ ಆಗಲೇ. ಮನೆಯ ಕಸವೆಲ್ಲ ಆಕೆಯ ಕೈಯಿಂದ ಹೋಗುತ್ತದೆ; ಆ ಕೈಗೊಂದು ಹೆಸರಿರಬಹುದೆಂದು ಅನ್ನಿಸಿರಲೇ ಇಲ್ಲ. ನಾಲ್ಕು ದಿನ ತಡೆದು, ಐದನೆಯ ದಿನ ಗೇಟಿನ ಬಳಿ ನಿಂತು ತಪ್ಪೊಪ್ಪಿಕೊಂಡೆ. ಆಕೆ ನಕ್ಕಳು. "ಗೊತ್ತಿತ್ತು ಬಿಡಿ ಅಮ್ಮಾ. ಕವರಲ್ಲಿ ಮಿಡಿ ವಾಸನೆ ಇತ್ತು. ಯಾವ ಮನೇದು ಯಾವ ಕವರು ಅಂತ ನಮಗೆ ಗೊತ್ತಾಗಲ್ವ?" ಅಂದರೆ, ನಾನು ಜನರಿಗೆ ಬುದ್ಧಿಯಿಲ್ಲವೆಂದು ಬೈದಾಗಲೂ ಆಕೆಗೆ ಗೊತ್ತಿತ್ತು! ಹೆಸರನ್ನು ಅಂದೇ ಕೇಳಿ ತಿಳಿದುಕೊಂಡೆ. ಇಲ್ಲಿ ಬರೆಯುವುದಿಲ್ಲ. ನನ್ನ ತಪ್ಪಿನ ಕಥೆಯಲ್ಲಿ ಆಕೆಯ ಹೆಸರೇಕೆ?

ನಾವು ದಿನಕ್ಕೆ ಎಷ್ಟು ಸಲ "ಹೊರಗೆ ಹಾಕು" ಎನ್ನುತ್ತೇವೆ, ಲೆಕ್ಕ ಇಟ್ಟಿದ್ದೀರಾ? ಹಳಸಿದ್ದು ಹೊರಗೆ, ಹರಿದದ್ದು ಹೊರಗೆ, ಮುರಿದದ್ದು ಹೊರಗೆ. ಈ ಹೊರಗೆ ಎಂಬುದು ಎಲ್ಲಿದೆ ಎಂದು ಕೇಳಿದವರಿಲ್ಲ. ಗೇಟು ದಾಟಿದರೆ ಮುಗಿಯಿತು.

ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಹೀಗಿರಲಿಲ್ಲ. ಸಿಪ್ಪೆ, ಅಕ್ಕಿ ತೊಳೆದ ನೀರು ಅಕ್ಕಚ್ಚಿನ ಬಾನಿಗೆ, ಅಲ್ಲಿಂದ ಕೊಟ್ಟಿಗೆಗೆ. ಉಂಡ ಬಾಳೆಲೆ ಗೊಬ್ಬರದ ಗುಂಡಿಗೆ. ಅಡಿಕೆ ಸಿಪ್ಪೆ, ಹಳೆಯ ಕಾಗದ ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ಅಮ್ಮನ ಹಳೆಯ ಸೀರೆ ಮೊದಲು ಕೌದಿ, ಆಮೇಲೆ ತೊಟ್ಟಿಲ ಬಟ್ಟೆ, ಕೊನೆಗೆ ಮಸಿಬಟ್ಟೆ. ಕಸವೆನ್ನುವುದು ನೆಲದ ಧೂಳು ಮಾತ್ರ. ಉಳಿದ ಎಲ್ಲಕ್ಕೂ ಹೋಗಲೊಂದು ಜಾಗವಿತ್ತು. ಆ ಜಾಗ ನಮ್ಮ ಕಣ್ಣೆದುರಿಗೇ ಇತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಮುಗಿಸಿಬಿಡಲು ಮನಸ್ಸು ಒಪ್ಪುವುದಿಲ್ಲ. ಅಮ್ಮ ಪರಿಸರಕ್ಕಾಗಿ ಹಾಗೆ ಬದುಕಿದವಳಲ್ಲ. ಇಲ್ಲದ್ದಕ್ಕೆ ಹಾಗೆ ಬದುಕಿದಳು. ಬೂದಿಯಲ್ಲಿ ತಿಕ್ಕಿ ತಿಕ್ಕಿ ಅವಳ ಬೆರಳ ಸಂದು ಬಿರಿಯುತ್ತಿತ್ತು. ಒಲೆಯ ಹೊಗೆಗೆ ಕಣ್ಣು ಸದಾ ಕೆಂಪು. ಆ ಚೊಕ್ಕಟವೆಲ್ಲ ಒಬ್ಬ ಹೆಂಗಸಿನ ಮೈಯಿಂದ ಬಂದದ್ದು. ಇನ್ನೂ ದೊಡ್ಡ ಕಹಿಯೊಂದಿದೆ. ಆ ಕಾಲಕ್ಕೂ ಒಂದು ಹೊರಗು ಇತ್ತು. ಅಲ್ಲಿ ಕಸವನ್ನಲ್ಲ, ಮನುಷ್ಯರನ್ನೇ ಇಟ್ಟಿದ್ದೆವು. ಸತ್ತ ದನ ಎಳೆಯಲು, ಪೇಟೆಯ ಪಾಯಿಖಾನೆ ಬಳಿಯಲು ಇಂಥವರೇ ಎಂದು ಹುಟ್ಟಿನಿಂದ ಗೊತ್ತುಮಾಡಿದ್ದೆವು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರಂಥ ಒಬ್ಬ ಸಚಿವರು ಬರಬೇಕಾಯಿತು. ನಿಷೇಧ ಬಂದರೂ ನಮ್ಮ ಕೊಳೆಗೆ ಕೈ ಹಾಕುವವರು ಇಂದಿಗೂ ಬಹುಪಾಲು ಅದೇ ಕೇರಿಗಳಿಂದ ಬರುತ್ತಾರೆ. ಗಾಜು ಚುಚ್ಚಿದ್ದು ಯಾರ ಕೈಗೆ ಎಂದು ಕೇಳಿಕೊಂಡರೆ ಸಾಕು, ಅರ್ಥವಾಗುತ್ತದೆ.

ಮರುವರ್ಷ, 2019ರ ಆಗಸ್ಟಿನಲ್ಲಿ, ಈ ಹೊರಗನ್ನು ಕಣ್ಣಾರೆ ಕಂಡೆ. ನನ್ನ ತಂಗಿಯ ಮನೆ ಮಂಗಳೂರಿನಲ್ಲಿ. ಆ ತಿಂಗಳ ಭಾರೀ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬಲ್ಲಿಗೆ ಹರಿದಿತ್ತು. ಕೆಲವು ದಿನ ಬಿಟ್ಟು ತಂಗಿ ಕರೆದುಕೊಂಡು ಹೋಗಿ ತೋರಿಸಿದಳು. ಅಡಿಕೆ ತೋಟ, ತೆಂಗು, ಮನೆ, ಬಾವಿ ಎಲ್ಲದರ ಮೇಲೂ ಕಸ. ನಾನು ಅಡಿಕೆ ತೋಟದಲ್ಲಿ ಹುಟ್ಟಿದವಳು. ಒಂದು ಮರ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಬಲ್ಲವಳು. ಆ ಮರಗಳ ಕೊರಳಿನವರೆಗೆ ಪ್ಲಾಸ್ಟಿಕ್ ಕವರುಗಳ ಕೆಸರು ನಿಂತಿದ್ದನ್ನು ನೋಡಿ ಮಾತು ಹೊರಡಲಿಲ್ಲ. ಆ ಕವರುಗಳಲ್ಲಿ ಒಂದೊಂದನ್ನೂ ಯಾವುದೋ ಮನೆಯಾಕೆ ನನ್ನ ಹಾಗೇ ಬಾಯಿ ಬಿಗಿದು, ಗೇಟಿನ ಹೊರಗಿಟ್ಟು, ಕೈ ತೊಳೆದುಕೊಂಡಿದ್ದಳು. ಬೆಂಗಳೂರಿನ ಕಸ ಸುರಿದ ಮಾವಳ್ಳಿಪುರ, ಮಂಡೂರುಗಳ ಕಥೆಯೂ ಇದೇ. ಮಂಡೂರಿನವರು ವರ್ಷಗಟ್ಟಲೆ ಹೋರಾಡಿ 2014ರ ಕೊನೆಗೆ ಆ ಲಾರಿಗಳನ್ನು ನಿಲ್ಲಿಸಬೇಕಾಯಿತು. ನಮ್ಮ ಹೊರಗೆ ಎನ್ನುವುದು ಇನ್ನೊಬ್ಬರ ಊರು, ಇನ್ನೊಬ್ಬರ ಬಾವಿ.

ನಮ್ಮ ಮನೆಯಲ್ಲಿ ಬದಲಾವಣೆ ಶುರುವಾದದ್ದು ಎರಡು ಬಕೆಟ್ಟಿನಿಂದ. ಹಸಿ, ಒಣ, ಅಪಾಯದ್ದು ಎಂದು ಮನೆಯಲ್ಲೇ ಬೇರೆ ಮಾಡಬೇಕೆಂದು ದೇಶದ ಘನತ್ಯಾಜ್ಯ ನಿಯಮಗಳು 2016ರಲ್ಲೇ ಹೇಳಿದ್ದವು. ನನ್ನ ಕಿವಿಗೆ ಬಿದ್ದದ್ದು ಮೂರು ಹೊಲಿಗೆ ಬಿದ್ದ ಮೇಲೆ. ಹಸಿಕಸವನ್ನು ಒಂದು ವಾರ ಕೊಕ್ಕೆ ತಕ್ಕಡಿಗೆ ಹಾಕಿ ತೂಗಿದೆ. ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು 900 ಗ್ರಾಂ. ವರ್ಷಕ್ಕೆ ಲೆಕ್ಕ ಹಾಕಿದರೆ ಮೂರು ಕ್ವಿಂಟಲಿಗೂ ಮೇಲೆ! ಇಷ್ಟು ಭಾರವನ್ನು ಪ್ರತಿವರ್ಷ ಆಕೆಯ ತೋಳಿನ ಮೇಲೆ ಹೇರುತ್ತಿದ್ದೆ. ಅದೂ ಮಣ್ಣಿಗೆ ಸೇರಿದರೆ ಗೊಬ್ಬರವಾಗುವಂಥದ್ದನ್ನು. ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಅದೇ ಸಿಪ್ಪೆ ಮೀಥೇನ್ ಅನಿಲವಾಗಿ ಬೆಂಕಿಗೆ ಕಾರಣವಾಗುತ್ತದೆ, ಕಪ್ಪುನೀರಾಗಿ ಬಾವಿಗೆ ಇಳಿಯುತ್ತದೆ.

ಹಿತ್ತಿಲಿನಲ್ಲಿ ಎರಡು ಮಣ್ಣಿನ ಮಡಕೆ ಇಟ್ಟು, ಅಡಿಗೆ ತೂತು ಕೊರೆಸಿದೆ. ಮೊದಲ ತಿಂಗಳು ಸೋತೆ. ನೀರಾಡಿ, ಹುಳ ಬಿದ್ದು, ವಾಸನೆ ಪಕ್ಕದ ಮನೆಗೂ ಹೋಯಿತು. "ಅಡುಗೆಮನೆ ಮಗ್ಗುಲಲ್ಲೇ ತಿಪ್ಪೆ ಮಾಡ್ತೀಯೇನೇ?" ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಕೊನೆಗೆ ದಾರಿ ತೋರಿಸಿದವರೂ ಅವರೇ. "ಬರೀ ಹಸಿ ಹಾಕಿದ್ರೆ ಕೊಳೆಯದೆ ಇನ್ನೇನಾಗುತ್ತೆ? ದರಗು ಹಾಕು" ಎಂದರು. ಅಂದಿನಿಂದ ಒಂದು ಪದರ ಸಿಪ್ಪೆಗೆ ಒಂದು ಪದರ ಒಣಗಿದ ಎಲೆ, ನಡುವೆ ಒಂದು ಸೌಟು ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ಕೋಲಿನಲ್ಲಿ ಕೆದಕುವುದು. ಮೂರು ತಿಂಗಳಿಗೆ ಕಾಡಿನ ನೆಲದ ವಾಸನೆಯ ಕಪ್ಪು ಮಣ್ಣು ಕೈಗೆ ಬಂತು. ಬಸಳೆ ಚಪ್ಪರಕ್ಕೆ ಹಾಕಿದೆ. ಅತ್ತೆ ಪಕ್ಕದ ಮನೆಯವರನ್ನು ಕರೆದು, ತಾವೇ ಮಾಡಿದ ಹಾಗೆ ತೋರಿಸಿದರು. ನಾನು ಸುಮ್ಮನಿದ್ದೆ.

ಮುಂದಿನವು ಸಣ್ಣಪುಟ್ಟವು. ಬಾಗಿಲ ಹಿಂದಿನ ಮೊಳೆಗೆ ಎರಡು ಬಟ್ಟೆಚೀಲ. ದೋಸೆಹಿಟ್ಟು ತರಲು ಸ್ಟೀಲ್ ಡಬ್ಬಿ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ತುಂಡರಿಸದೆ ಸೀಳಿ, ತೊಳೆದು ಒಣಗಿಸಿ ಗುಜರಿಯವನಿಗೆ ಕೊಡುವುದು. ಇನ್ನೊಂದು ವಿಷಯ ಹೆಂಗಸರೇ ಹೆಂಗಸರಿಗೆ ಹೇಳಬೇಕಾದದ್ದು. ತಿಂಗಳ ಪ್ಯಾಡುಗಳನ್ನು ನಾವು ನಾಚಿಕೆಯಿಂದ ಕಸದ ನಡುವೆ ಅಡಗಿಸುತ್ತೇವೆ. ನಮ್ಮ ನಾಚಿಕೆ ಉಳಿಯುತ್ತದೆ; ಬರಿಗೈಯಲ್ಲಿ ಅದನ್ನು ಬೇರೆ ಮಾಡುವ ಆಕೆಯದು? ಕಾಗದದಲ್ಲಿ ಭದ್ರವಾಗಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಟ್ಟರೆ ಮರ್ಯಾದೆ ಇಬ್ಬರಿಗೂ ಉಳಿಯುತ್ತದೆ.

ಕಸವಿಲ್ಲದ ಮನೆ ನಮ್ಮದು ಎಂದು ಹೇಳಿಕೊಳ್ಳಲಾರೆ. ಅತ್ತೆಯ ಮಾತ್ರೆಯ ಪಟ್ಟಿಗಳಿವೆ, ಮಗನ ಬಿಸ್ಕತ್ತಿನ ಪೊಟ್ಟಣಗಳಿವೆ. ಚೀಲ ಮರೆತ ದಿನ ಅಂಗಡಿಯವನ ಮುಂದೆ ನಾನೂ ಪೆಚ್ಚಾಗಿ ಕೈಚಾಚಿದ್ದೇನೆ. ಪ್ಲಾಸ್ಟಿಕ್ ಕೈಚೀಲವನ್ನು ಸರ್ಕಾರ 2016ರಲ್ಲಿಯೇ ನಿಷೇಧಿಸಿದ್ದರೂ ಮೇಜಿನ ಕೆಳಗಿನಿಂದ ಅದು ಬಂದೇ ಬರುತ್ತದೆ. ಬೇಡುವ ಕೈ ಇರುವವರೆಗೂ ಬರುತ್ತದೆ.

ಒಂದು ದಿನ ಎದುರು ಮನೆಯಾಕೆ ನನ್ನನ್ನು ಗೇಟಿನ ಬಳಿ ಕರೆದು ತೋರಿಸಿದರು. ನಾನು ಬೇರೆ ಮಾಡಿ ಕೊಟ್ಟ ಒಣಕಸ ರಸ್ತೆಯ ತಿರುವಿನಲ್ಲಿ ಎಲ್ಲರ ಹಸಿಕಸದ ಜೊತೆ ಒಂದೇ ಲಾರಿಗೆ ಬೀಳುತ್ತಿತ್ತು. "ನೋಡಿದ್ರಾ? ಇಷ್ಟಕ್ಕೆ ನೀವು ಕವರು ತೊಳೀತೀರಿ!" ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನಸ್ಸು ಮುದುಡಿತು. ನಿಜವಲ್ಲವೆ? ಲೋಕ ಬದಲಾಗದಿದ್ದರೆ ನಾನೊಬ್ಬಳು ಬದಲಾಗಿ ಏನು? ಮೇಲಾಗಿ, ತಿಪ್ಪೆಯ ಕೆಲಸ, ತೊಳೆಯುವ ಕೆಲಸ, ನೆನಪಿಡುವ ಕೆಲಸ ಎಲ್ಲ ಮತ್ತೆ ಹೆಂಗಸಿನ ಪಾಲಿಗೇ ಬಂತಲ್ಲ. ಅಮ್ಮನ ಬಿರಿದ ಬೆರಳಿಗೆ ಹೊಸ ಹೆಸರಿಟ್ಟು ನಾನೇ ಕೈಯೊಡ್ಡಿದೆನೆ?

ಕೆಲವು ದಿನ ಈ ಪ್ರಶ್ನೆ ಹೊತ್ತು ತಿರುಗುವಾಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. 12ನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕ ಮಾಡುತ್ತಿದ್ದ ಮಾರಯ್ಯನ ಹೆಂಡತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆ. ನಾವಾಗಿದ್ದರೆ ಡಬ್ಬಿ ಹುಡುಕುತ್ತಿದ್ದೆವು. ಲಕ್ಕಮ್ಮ, ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ಅಲ್ಲಿಯೇ ಸುರಿದು ಬಾ ಎಂದು ತಿರುಗಿಸಿ ಕಳಿಸಿದಳು. ಚಿಕ್ಕಂದಿನಿಂದ ಕೇಳಿದ ಕಥೆ. ಎರಡು ಸಂಗತಿ ಮಾತ್ರ ಈಗ ಕಂಡವು. ಒಂದು, ಲಕ್ಕಮ್ಮ ಸಾಕು ಎಂದದ್ದು ಬಾಗಿಲಲ್ಲಿ, ವಸ್ತು ಒಳಗೆ ಬರುವ ಮೊದಲು. ನಾವು ಒಳಗೆಲ್ಲ ತುಂಬಿಸಿಕೊಂಡು, ಹೊರಗೆ ಹಾಕುವಾಗ ಮಾತ್ರ ಧರ್ಮದ ಬಗ್ಗೆ ಯೋಚಿಸುತ್ತೇವೆ. ಇನ್ನೊಂದು, ಅಕ್ಕಿಯನ್ನು ಹಿಂದಕ್ಕೆ ಹೊತ್ತುಕೊಂಡು ಹೋದವನು ಮಾರಯ್ಯ! ಇದನ್ನು ನಮ್ಮವರಿಗೆ ಊಟದ ಹೊತ್ತಿನಲ್ಲಿ ನೆನಪಿಸಿದೆ. ಬಲು ಹೊತ್ತು ಮಾತಾಡಲಿಲ್ಲ. ಮಾರನೆಯ ಭಾನುವಾರದಿಂದ ಮಡಕೆ ಕೆದಕುವುದು ಅವರ ಪಾಲು, ಕವರು ತೊಳೆಯುವುದು ಮಗನ ಪಾಲು.

ಎದುರು ಮನೆಯಾಕೆಗೆ ಕೊಡಬೇಕಾದ ಉತ್ತರವೂ ನಿಧಾನವಾಗಿ ಸಿಕ್ಕಿತು. ಲಾರಿಯಲ್ಲಿ ಬೆರಸುವುದು ತಪ್ಪೇ. ಅದನ್ನು ವಾರ್ಡಿನವರಿಗೆ ಬರೆದು ಕೊಟ್ಟು ಕೇಳಬೇಕು, ನಾವು ನಾಲ್ಕು ಮನೆಯವರು ಕೇಳಿಯೂ ಕೇಳಿದೆವು. ಆದರೆ ಲಾರಿ ಬೆರಸುವುದು ನಮ್ಮ ಗೇಟು ದಾಟಿದ ಮೇಲೆ. ನನ್ನ ಗೇಟಿಗೂ ಆ ಲಾರಿಗೂ ನಡುವೆ ಒಂದು ಜೊತೆ ಕೈಗಳಿವೆ. ಭೂಮಿಯನ್ನು ಉಳಿಸುತ್ತೇನೋ ಇಲ್ಲವೋ ನನಗೆ ತಿಳಿಯದು. ಅಷ್ಟು ದೊಡ್ಡ ಲೆಕ್ಕ ನನ್ನ ತಕ್ಕಡಿಗೆ ಬರುವುದಿಲ್ಲ. ಆ ಎರಡು ಕೈಗಳ ಲೆಕ್ಕ ಬರುತ್ತದೆ. ಎಲ್ಲರೂ ಸರಿಯಾದ ಮೇಲೆ ನಾನು ಸರಿಯಾಗುತ್ತೇನೆ ಎನ್ನುವುದು, ನೆರೆಮನೆಯವರು ಸುಳ್ಳು ಹೇಳುವುದನ್ನು ಬಿಟ್ಟ ಮೇಲೆ ನಾನು ನಿಜ ಹೇಳುತ್ತೇನೆ ಎಂದ ಹಾಗಾಯಿತು.

ಹೋದ ದೀಪಾವಳಿಗೆ ರಜೆಯಲ್ಲಿ ಬಂದ ಮಗನ ಕೈಯಿಂದ ಗಾಜಿನ ಲೋಟ ಬಿದ್ದು ಒಡೆಯಿತು. ಚೂರುಗಳನ್ನೆಲ್ಲ ದಪ್ಪ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ 'ಗಾಜು' ಎಂದು ಬರೆದ. ನನಗೆ ಒಳಗೊಳಗೇ ಹಿಗ್ಗು. ಬೆಳಿಗ್ಗೆ ಅದನ್ನು ಗೇಟಿನ ಪಕ್ಕ ಇಟ್ಟದ್ದನ್ನು ಕಂಡು ಆಕೆ ನಕ್ಕುಬಿಟ್ಟಳು. "ಆರು ಗಂಟೆ ಕತ್ತಲಲ್ಲಿ ಯಾರು ಓದ್ತಾರೆ ಮಗಾ? ಕೈಗೆ ಕೊಡು."

ಮಗ ಬಗ್ಗಿ ಪೊಟ್ಟಣ ಎತ್ತಿ ಆಕೆಯ ಕೈಗೆ ಕೊಟ್ಟ. ಬಲಗೈಯ ಮೇಲೆ ಮೂರು ಹೊಲಿಗೆಯ ಗುರುತು ಬೆಳ್ಳಗೆ ಕಾಣುತ್ತಿತ್ತು. ಈಗ ನಾವು ಗಾಜನ್ನು ಹೊರಗೆ ಇಡುವುದಿಲ್ಲ. ಗಾಡಿ ಬರುವವರೆಗೆ ಕಾದು, ಕೈಗೆ ಕೊಡುತ್ತೇವೆ.