ಬೆಡಗೂ ಬಾಲಲೀಲೆಯೂ

ಕಬ್ಬು ಭತ್ತಗಳ ಸೀಮೆಯಾದ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಾಗಲಿ, ದೊಡ್ಡ ನಗರಗಳಲ್ಲಾಗಲಿ, ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಕಾರ್ಟೂನು ನೋಡುವುದು ಇಂದು ಮನೆಮನೆಯ ರೂಢಿ. ಅವುಗಳಲ್ಲಿ ಪುರಾಣವೂ ಗೂಢತತ್ತ್ವವೂ ಅಡಗಿವೆಯೆಂದು ಕೆಲವರು ಹೇಳುವರು. ಹಾಗಾದರೆ ಮಗು ನೋಡುನೋಡುತ್ತಲೇ ಧರ್ಮವನ್ನು ಕಲಿಯುವುದೆಂದು ಹಿರಿಯರು ನಿಶ್ಚಿಂತರಾಗುವರು. ಈ ನಿಶ್ಚಿಂತೆ ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ.

2008ರಲ್ಲಿ ಆರಂಭವಾದ ‘ಛೋಟಾ ಭೀಮ್’ ಚಿತ್ರಮಾಲೆಯನ್ನೇ ನೋಡಬಹುದು. ನಾಯಕನ ಹೆಸರು ಮಹಾಭಾರತದ್ದು. ಲಾಡು ತಿಂದೊಡನೆ ಅವನಿಗೆ ಬಲವುಕ್ಕುವುದು. ಆದಿಪರ್ವದಲ್ಲಿಯೂ ಇದನ್ನು ಹೋಲುವ ಪ್ರಸಂಗವುಂಟು. ದುರ್ಯೋಧನನು ವಿಷವಿಕ್ಕಿ ನೀರಿಗೆ ತಳ್ಳಿದ ಬಾಲಭೀಮನು ನಾಗಲೋಕದಲ್ಲಿ ಎಂಟು ಕುಂಡಗಳ ರಸವನ್ನು ಕುಡಿದು ಮಹಾಬಲನಾದನು. ಆದರೆ ಅದೇ ಭೀಮನು ಆಟದಲ್ಲಿ ಕೌರವ ಬಾಲಕರನ್ನು ಪೀಡಿಸಿದುದು ವೈರಕ್ಕೆ ಬೀಜವಾಯಿತೆಂಬ ಕಹಿಯನ್ನು ವ್ಯಾಸರು ಮರೆಮಾಚಲಿಲ್ಲ. ಕಾರ್ಟೂನಿನ ಭೀಮನು ದುರ್ಬಲರ ರಕ್ಷಕನು. ಆದರೂ ಅವನು ಟುನ್‌ಟುನ್ ಮೌಸಿಯ ಲಾಡುಗಳನ್ನು ಕದ್ದು ತಿನ್ನುವಾಗ ಮಗು ಕೈತಟ್ಟಿ ನಗುವುದು. ಬಸವಣ್ಣನವರು ಬೋಧಿಸಿದ ಏಳು ಶೀಲಗಳಲ್ಲಿ ಕಳವನ್ನು ತೊರೆಯುವುದೇ ಮೊದಲನೆಯದೆಂಬುದನ್ನು ಆಗ ಮಗುವಿಗೆ ಹೇಳುವವರಾರು?

ಶರಣರೂ ಗೂಢವಾಗಿ ನುಡಿದುದುಂಟು. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿ ಪ್ರಾಣಿಪಕ್ಷಿಗಳ ವಿಚಿತ್ರ ವ್ಯಾಪಾರಗಳು ಬರುವುವು. ಹೊರನೋಟಕ್ಕೆ ಅವು ಮಕ್ಕಳ ಒಗಟಿನಂತಿರುವುವು. ಅವುಗಳ ಅರ್ಥ ತಾನಾಗಿ ತೆರೆದುಕೊಳ್ಳದೆಂದೇ ಮುಂದಿನವರು ಟೀಕೆಗಳನ್ನು ರಚಿಸಿದರು. ಕುರುಹು ಕಣ್ಣೆದುರಿಗಿದ್ದ ಮಾತ್ರಕ್ಕೆ ಅರಿವು ಮೂಡದು; ತೋರಿಸಿಕೊಡುವವರೂ ಬೇಕು. ಮಂಡ್ಯ ಸೀಮೆಯ ಸೋಮನ ಕುಣಿತದಲ್ಲಿ ದೊಡ್ಡ ಮುಖವಾಡವನ್ನು ಕಂಡು ಬೆದರಿದ ಮಗುವಿಗೆ ಅದು ಗ್ರಾಮದೇವತೆಯ ಸೇವೆಯೆಂದು ತಿಳಿಯುವುದು ಅಜ್ಜಿಯ ಬಾಯಿಂದಲೇ ಅಲ್ಲವೇ?

ಬೆಡಗಿನಲ್ಲಿ ಅರ್ಥವನ್ನಿಟ್ಟವರು ವಚನಕಾರರು. ಕಾರ್ಟೂನಿನಲ್ಲಿ ಬಹುಮಟ್ಟಿಗೆ ನೋಡುವವರೇ ಅದನ್ನು ಇಟ್ಟು ತಾವೇ ತೆಗೆಯುವರು. ಇದರಲ್ಲಿ ದೋಷವಿಲ್ಲ, ಆದರೆ ಆ ಹೊಣೆ ಹಿರಿಯರದು, ಅದನ್ನು ಎಳೆಯ ಮಗುವಿನ ಮೇಲೆ ಹೊರಿಸುವುದು ಸಲ್ಲದು. ತಂದೆತಾಯಿಗಳು ಅರ್ಧ ಗಳಿಗೆ ಜೊತೆಯಲ್ಲಿ ಕುಳಿತು, “ಆ ಲಾಡು ಮಾಡಿದವರು ಯಾರು, ಕಂದ? ಭೀಮ ಅವರನ್ನು ಕೇಳಿ ತೆಗೆದುಕೊಂಡನೇ?” ಎಂದು ಕೇಳಿದರೆ ಸಾಕು, ಕಾಯಕದ ಬೆಲೆಯೂ ಶೀಲದ ಅಳತೆಯೂ ಅಷ್ಟರಲ್ಲಿಯೇ ಮಗುವಿನ ಮನಸ್ಸಿಗಿಳಿಯುವುವು.

ಮರುದಿನ ಆ ಮಗು ತನ್ನ ಪಾಲಿನ ಉಂಡೆಯನ್ನು ಮುರಿದು ತಂಗಿಗೆ ಕೊಟ್ಟರೆ, ಚಿತ್ರದಲ್ಲಿ ಅರ್ಥವಿದ್ದುದು ದಿಟ. ಆ ಅರ್ಥವನ್ನು ಮನೆಮನೆಯಲ್ಲಿಯೂ ಬೆಳಗಿಸುವುದು ಸದ್ಭಕ್ತರ ಕರ್ತವ್ಯ.