ಮಾಡಿಸಿದವರು ಮತ್ತು ಮಾಡಿದವರು

ಹಣ ಕೊಟ್ಟು ಮಾಡಿಸಿಕೊಂಡ ವಸ್ತು ಹಣ ಕೊಟ್ಟವನಿಗೆ ಸೇರಿದ್ದು. ಈ ಮಾತಿನಲ್ಲಿ ವಿವಾದವಿಲ್ಲ. ಆದರೆ ಆ ವಸ್ತುವನ್ನು ಕಂಡು ಜನರು ಆಡುವ ಮೆಚ್ಚುಗೆಯ ಮಾತು ಯಾರಿಗೆ ಸೇರಬೇಕು? ಇದನ್ನು ವಿಚಾರಿಸಲು ಒಂದು ಅಂಗುಲಕ್ಕಿಂತ ತುಸುವೇ ಎತ್ತರವಾದ ಗೊಂಬೆಯೊಂದು ಸಾಕು.

ಮೇಜಿನ ಮೇಲೆ ಆಟಿಕೆ ಸೈನಿಕರನ್ನು ನಿಲ್ಲಿಸಿ ಯುದ್ಧವಾಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿಯೇ ಅದಕ್ಕೆ ನಿಯಮಗಳ ಪುಸ್ತಕವೊಂದನ್ನು ಬರೆದನು. 1983ರಲ್ಲಿ 'ವಾರ್‌ಹ್ಯಾಮರ್' ಎಂಬ ಆಟ ಬಂದಿತು. ರಾಕ್ಷಸರು, ಕುಬ್ಜರು, ಮಾಂತ್ರಿಕರು ಅದರ ಸೈನಿಕರು. ಅಚ್ಚಿನಲ್ಲಿ ಎರೆದ ಈ ಗೊಂಬೆಗಳು ಸಾಮಾನ್ಯವಾಗಿ ಬಣ್ಣವಿಲ್ಲದೆ, ಬಿಡಿಭಾಗಗಳಾಗಿಯೇ ಮಾರಾಟವಾಗುತ್ತವೆ. ಜೋಡಿಸಿ ಬಣ್ಣ ಹಚ್ಚುವುದು ಆಟಗಾರನ ಕೆಲಸ. ಕೈ ಪಳಗದವರು, ಬಿಡುವಿಲ್ಲದವರು ಬಲ್ಲವರಿಗೆ ಹಣ ಕೊಟ್ಟು ಮಾಡಿಸುತ್ತಾರೆ.

"ನನ್ನ ವೀರನ ಕೈಯಲ್ಲಿ ಖಡ್ಗ ಬೇಡ, ದೀಪವಿರಲಿ" ಎಂದು ಒಬ್ಬನು ಕೇಳಿದನೆಂದು ಭಾವಿಸೋಣ. ಕುಶಲಕರ್ಮಿಯು ಹರಿತವಾದ ಅಲಗಿನಿಂದ ಗೊಂಬೆಯ ತೋಳನ್ನು ಕತ್ತರಿಸಿ, ಸಣ್ಣ ರಂಧ್ರ ಕೊರೆದು, ಹಿತ್ತಾಳೆಯ ತಂತಿಯ ಆಧಾರದಲ್ಲಿ ಬೇರೊಂದು ತೋಳನ್ನು ಅಂಟಿಸುತ್ತಾನೆ. ಹಳದಿ ಮತ್ತು ನೀಲಿ ಪುಟ್ಟಿಗಳನ್ನು ನಾದಿದಾಗ ಹಸಿರು ಮುದ್ದೆಯಾಗುತ್ತದೆ. ಅದು ಗಟ್ಟಿಯಾಗುವ ಮುನ್ನ ಬಿರುಕನ್ನು ತುಂಬಿ, ಬಟ್ಟೆಯ ಮಡಿಕೆಯನ್ನು ತಿದ್ದಬೇಕು. ಬಳಿಕ ಅಸ್ತರಿ ಬಣ್ಣ, ಅದರ ಮೇಲೆ ತೆಳುವಾದ ಲೇಪಗಳು, ತಗ್ಗುಗಳಿಗೆ ಗಾಢ ಛಾಯೆ, ಉಬ್ಬುಗಳಿಗೆ ತಿಳಿಬಣ್ಣ, ಕಣ್ಣಿನ ಪಾಪೆಗೆ ಕುಂಚದ ತುದಿಯ ಒಂದು ಚುಕ್ಕೆ. ಒಂದೇ ಗೊಂಬೆಗೆ ಹಲವು ಗಂಟೆಗಳು ಬೇಕು.

ಈಗ ಆ ಗೊಂಬೆಯಲ್ಲಿ ಮೂವರಿದ್ದಾರೆ. ಮೂಲ ರೂಪವನ್ನು ಕೆತ್ತಿದ ಶಿಲ್ಪಿ, ದೀಪವನ್ನು ಕಲ್ಪಿಸಿದ ಗಿರಾಕಿ, ಕತ್ತರಿಸಿ ಬಣ್ಣ ಹಚ್ಚಿದ ಕುಶಲಕರ್ಮಿ. ಗಿರಾಕಿಯು ಅದನ್ನಿಟ್ಟು ಆಟವಾಡಿದರೆ ದೋಷವಿಲ್ಲ. ಬಣ್ಣಗಾರಿಕೆಯ ಸ್ಪರ್ಧೆಯಲ್ಲಿ ತನ್ನ ಹೆಸರಿನಿಂದ ಇಟ್ಟರೆ ಅದು ಸುಳ್ಳು. "ಕೂಲಿ ಕೊಟ್ಟಾಯಿತಲ್ಲ" ಎಂಬುದು ಸಮಾಧಾನವಾಗದು. ಕೂಲಿಯು ಶ್ರಮಕ್ಕೆ ಸಲ್ಲುತ್ತದೆ, 'ನಾನು ಮಾಡಿದೆ' ಎಂಬ ಮಾತಿಗೆ ಬೆಲೆ ಕಟ್ಟುವಂತಿಲ್ಲ. ಹಾಗೆಯೇ ಕುಶಲಕರ್ಮಿಯೂ ಗೊಂಬೆಯೆಲ್ಲ ತನ್ನದೆನ್ನಬಾರದು. ದೀಪ ಅವನಿಗೆ ಹೊಳೆದದ್ದಲ್ಲ, ಅಚ್ಚು ಅವನದಲ್ಲ. ಕೇಳಿದವನ ಮನಸ್ಸಿನ ವೀರನನ್ನು ಬಿಟ್ಟು ತನ್ನ ಜಾಣ್ಮೆಯನ್ನೇ ಮೆರೆಸಿದರೆ ಅದೂ ಒಂದು ಬಗೆಯ ಅಪಹರಣವೇ.

ಇದು ದೂರದೇಶದ ಆಟಿಕೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತಂದೆತಾಯಿಗಳು ಹಣ ತೆತ್ತು ಮಾದರಿ ಮಾಡಿಸಿ ಕಳುಹಿಸುವುದನ್ನು ಮುಖ್ಯೋಪಾಧ್ಯಾಯನಾಗಿ ಹಲವು ವರ್ಷ ಕಂಡಿದ್ದೇನೆ. ಅಂಥ ಮಾದರಿಗೆ ಬಹುಮಾನ ಬಂದಾಗ ಮಗು ತಲೆಯೆತ್ತಿ ನಗುವುದಿಲ್ಲ, ತಾಯಿಯ ಮುಖವನ್ನು ನೋಡುತ್ತದೆ. ಆ ಹೊಗಳಿಕೆ ತನಗೆ ಸಲ್ಲದೆಂದು ಅದಕ್ಕೆ ಗೊತ್ತು. ಪಕ್ಕದಲ್ಲಿ ರಟ್ಟಿನ ಓರೆ ಗಾಳಿಯಂತ್ರವನ್ನು ತಾನೇ ಅಂಟಿಸಿ ತಂದ ಮಗುವಿಗೆ ಬಹುಮಾನವಿಲ್ಲ. ಒಂದೇ ದಿನದಲ್ಲಿ ಇಬ್ಬರೂ ತಪ್ಪು ಪಾಠ ಕಲಿತು ಮನೆಗೆ ಹೋಗುತ್ತಾರೆ.

ನಮ್ಮ ಹಿರಿಯರು ಇದಕ್ಕೆ ಉತ್ತರವನ್ನು ಕಲ್ಲಿನಲ್ಲಿಯೇ ಬರೆದಿದ್ದಾರೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಮಾಡಿಸಿದವನು ವಿಷ್ಣುವರ್ಧನ. ಆದರೆ ಅಲ್ಲಿನ ಶಿಲ್ಪಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ಅದರಿಂದ ಅರಸನ ಕೀರ್ತಿ ಕುಂದಲಿಲ್ಲ.

ನಮ್ಮ ಸಂಘದ ವೇದಿಕೆಯ ಅಲಂಕಾರವಿರಲಿ, ಮನೆಯ ಮಗಳ ಮದುವೆಯ ರಂಗೋಲಿಯಿರಲಿ, ಬೇರೆಯವರಿಂದ ಬರೆಸಿ ಓದಿದ ಭಾಷಣವಿರಲಿ, ಮಾಡಿಸಿದವರ ಜೊತೆಗೆ ಮಾಡಿದವರನ್ನೂ ಹೆಸರಿಸಲು ಒಂದು ವಾಕ್ಯ ಸಾಕು. ಅದನ್ನು ಮಕ್ಕಳೆದುರಿಗೆ ಹೇಳುವುದು ಇನ್ನೂ ಒಳ್ಳೆಯದು.